ಪ್ರಶ್ನೋತ್ತರ: ತೂಕದ ಚೀಟಿ ತಡವಾದರೆ ಸರ್ವರ್ ಬದಲಿಸಬೇಕೆ?

ಈ ಸಲ ಬಾಗಲಕೋಟೆ ಜಿಲ್ಲೆಯ ಓದುಗರಿಂದ ಬಂದ ಪತ್ರಗಳಲ್ಲಿ ಡೇಟಾಬೇಸ್ ನಿಧಾನವಾಗಿದೆ ಎಂಬ ದೂರೇ ಹೆಚ್ಚಾಗಿರುವುದರಿಂದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮುಧೋಳ ತಾಲ್ಲೂಕಿನ ಒಂದು ಸಕ್ಕರೆ ಕಾರ್ಖಾನೆಯ ತೂಕ ವಿಭಾಗದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಮೊದಲ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ತೂಕವಾದ ತಕ್ಷಣ ಚೀಟಿ ಬರುತ್ತಿತ್ತು. ಈಗ ಆರನೆಯ ಹಂಗಾಮು. ಸಂಜೆಯಾದರೆ 40 ಸೆಕೆಂಡು ಹಿಡಿಯುತ್ತದೆ, ಗಾಡಿಗಳ ಸಾಲು ರಸ್ತೆಗೆ ಬರುತ್ತದೆ. ಡೇಟಾಬೇಸ್ ಮೈಎಸ್‌ಕ್ಯೂಎಲ್ 8. ಸಾಫ್ಟ್‌ವೇರ್ ಕೊಟ್ಟವರು 64 ಜಿಬಿ ರ‍್ಯಾಮ್ ಇರುವ ಹೊಸ ಸರ್ವರ್ ಕೊಳ್ಳಿ ಎನ್ನುತ್ತಾರೆ. ಕೊಳ್ಳಬೇಕೆ?

ಉತ್ತರ: ಈ ವಾರವಂತೂ ಬೇಡ. ಪ್ರತಿ ಹಂಗಾಮಿಗೂ ತುಸು ತುಸುವೇ ನಿಧಾನವಾಗುತ್ತ ಬಂದದ್ದು ಯಂತ್ರದ ದೋಷಕ್ಕಿಂತ ಕ್ವೆರಿಯ (ಡೇಟಾಬೇಸಿಗೆ ಕೇಳುವ ಪ್ರಶ್ನೆಯ) ದೋಷವನ್ನೇ ಹೆಚ್ಚು ಸೂಚಿಸುತ್ತದೆ. ಆದರೆ ನನ್ನ ಊಹೆಯನ್ನೂ ನಂಬಬೇಡಿ, ಅಳೆದು ನೋಡಿ.

ಮೈಎಸ್‌ಕ್ಯೂಎಲ್‌ನಲ್ಲಿ ನಿಧಾನದ ಕ್ವೆರಿಗಳನ್ನು ಬರೆದಿಡುವ ಸ್ಲೋ ಕ್ವೆರಿ ಲಾಗ್ ಎಂಬ ಸೌಲಭ್ಯವಿದೆ. ನೀವಾಗಿಯೇ ತೆರೆಯದಿದ್ದರೆ ಅದು ಮುಚ್ಚಿಯೇ ಇರುತ್ತದೆ. ಅದರ ಮಿತಿಯನ್ನು ನಿರ್ಧರಿಸುವ ಲಾಂಗ್_ಕ್ವೆರಿ_ಟೈಮ್ ಮೂಲತಃ 10 ಸೆಕೆಂಡು ಇರುವುದರಿಂದ, ಲಾಗ್ ತೆರೆದರೂ 9 ಸೆಕೆಂಡಿನ ಕ್ವೆರಿ ಅದರಲ್ಲಿ ದಾಖಲಾಗುವುದಿಲ್ಲ. ಮಿತಿಯನ್ನು ಅರ್ಧ ಸೆಕೆಂಡಿಗೆ ಇಳಿಸಿ. ಸೆಟ್ ಗ್ಲೋಬಲ್ ಆಜ್ಞೆ ಕೊಟ್ಟರೆ ಸರ್ವರನ್ನು ನಿಲ್ಲಿಸುವ ಅಗತ್ಯವಿಲ್ಲ, ಆದರೆ ಹೊಸ ಮಿತಿ ಅನ್ವಯಿಸುವುದು ಅನಂತರ ತೆರೆದ ಸಂಪರ್ಕಗಳಿಗೆ ಮಾತ್ರವಾದ್ದರಿಂದ ತೂಕದ ಅಪ್ಲಿಕೇಶನ್ನನ್ನು ಒಮ್ಮೆ ಮುಚ್ಚಿ ತೆರೆಯಬೇಕು. ಒಂದು ಸಂಜೆಯ ಲಾಗನ್ನು ಮೈಎಸ್‌ಕ್ಯೂಎಲ್‌ಡಂಪ್‌ಸ್ಲೋ ಎಂಬ ಸಾಧನಕ್ಕೆ ಕೊಟ್ಟರೆ ಒಂದೇ ಬಗೆಯ ಕ್ವೆರಿಗಳನ್ನು ಗುಂಪು ಮಾಡಿ, ಎಷ್ಟು ಸಲ ಬಂತು, ಎಷ್ಟು ಹೊತ್ತು ತಿಂದಿತು ಎಂಬುದನ್ನು ತೋರಿಸುತ್ತದೆ.

ಚೀಟಿ ಮುದ್ರಿಸುವ ಮೊದಲು ನಡೆಯುವ ಕ್ವೆರಿಯ ಪ್ರತಿಯನ್ನು ನೀವು ಪತ್ರದೊಂದಿಗೆ ಕಳಿಸಿದ್ದೀರಿ. ಈ ರೈತನ ಕೋಡ್‌ಗೆ ಸೇರಿದ, ಇಂದಿನ ದಿನಾಂಕದ ಗಾಡಿಗಳ ಒಟ್ಟು ತೂಕವನ್ನು ಅದು ಕೇಳುತ್ತದೆ. ಅದರ ಮುಂದೆ ಎಕ್ಸ್‌ಪ್ಲೇನ್ ಎಂಬ ಪದ ಸೇರಿಸಿ ಓಡಿಸಿದಾಗ ‘ಟೈಪ್’ ಅಂಕಣದಲ್ಲಿ ‘ಆಲ್’ ಎಂದೂ ‘ರೋಸ್’ ಅಂಕಣದಲ್ಲಿ ಲಕ್ಷಗಳ ಲೆಕ್ಕವೂ ಬಂದರೆ ಕಾರಣ ಸಿಕ್ಕಂತೆಯೇ: ಒಬ್ಬ ರೈತನ ಇಂದಿನ ಎರಡು ಗಾಡಿ ಹುಡುಕಲು ಆರು ಹಂಗಾಮಿನ ಅಷ್ಟೂ ಗಾಡಿಗಳನ್ನು ಓದಲಾಗುತ್ತಿದೆ. ಸಂಜೆ ನಾಲ್ಕು ಕಾಟಾಗಳಲ್ಲೂ ಏಕಕಾಲಕ್ಕೆ ತೂಕ ನಡೆದಾಗ ಈ ಓದು ನಾಲ್ಕು ಪಟ್ಟಾಗುತ್ತದೆ.

ತೂಕದ ಸಮಯದ ಮೇಲೆ ಇಂಡೆಕ್ಸ್ (ಬೇಕಾದ ಸಾಲನ್ನು ಬೇಗ ಹುಡುಕಲು ಜೋಡಿಸಿಟ್ಟ ಸೂಚಿ) ಇದೆಯಲ್ಲ ಎಂದು ನೀವು ಕೇಳಬಹುದು. ಇರಬಹುದು, ಆದರೆ ನಿಮ್ಮ ಕ್ವೆರಿಯಲ್ಲಿ ಆ ಅಂಕಣವನ್ನು ಡೇಟ್ ಎಂಬ ಫಂಕ್ಷನ್ನಿನೊಳಗೆ ಸುತ್ತಿಡಲಾಗಿದೆ. ಇಂಡೆಕ್ಸ್ ಜೋಡಣೆಯಾಗಿರುವುದು ಗಂಟೆ ನಿಮಿಷಗಳ ಸಮೇತವಿರುವ ಮೂಲ ಬೆಲೆಯ ಮೇಲೆ. ಫಂಕ್ಷನ್ನಿನ ಫಲ ಏನೆಂದು ಅದಕ್ಕೆ ಗೊತ್ತಿಲ್ಲದ ಕಾರಣ ಪ್ರತಿ ಸಾಲನ್ನೂ ತೆರೆದು ಲೆಕ್ಕ ಹಾಕಬೇಕಾಗುತ್ತದೆ. ಬದಲಿಗೆ ‘ಇಂದಿನ ಮಧ್ಯರಾತ್ರಿಯಿಂದ ಮೊದಲ್ಗೊಂಡು ನಾಳಿನ ಮಧ್ಯರಾತ್ರಿಗಿಂತ ಮೊದಲು’ ಎಂದು ವ್ಯಾಪ್ತಿಯಾಗಿ ಕೇಳಿ, ರೈತನ ಕೋಡ್ ಮೊದಲು, ಸಮಯ ಅನಂತರ ಬರುವಂತೆ ಒಂದೇ ಜಂಟಿ ಇಂಡೆಕ್ಸ್ ಮಾಡಿಸಿ. ಮೈಎಸ್‌ಕ್ಯೂಎಲ್‌ನಲ್ಲಿ ದತ್ತಾಂಶವನ್ನು ಇಟ್ಟುಕೊಳ್ಳುವ ಭಾಗವಾದ ಇನ್ನೋಡಿಬಿಯ ಒಂದು ಪುಟ 16 ಕೆಬಿ. ಅದರಲ್ಲಿ ಇಂಡೆಕ್ಸಿನ ನೂರಾರು ನಮೂದುಗಳು ಹಿಡಿಯುವುದರಿಂದ ಲಕ್ಷಗಟ್ಟಲೆ ಸಾಲುಗಳಿದ್ದರೂ ಮೂರು ನಾಲ್ಕು ಪುಟ ಇಳಿದರೆ ಬೇಕಾದದ್ದು ಸಿಗುತ್ತದೆ. ಹೊಸ ಇಂಡೆಕ್ಸನ್ನು ಪಾಳಿ ಬದಲಾಗುವ ಬಿಡುವಿನಲ್ಲಿ ಕಟ್ಟಿಸಿ. ಕಂಡ ಅಂಕಣಕ್ಕೆಲ್ಲ ಇಂಡೆಕ್ಸ್ ಹಾಕಬೇಡಿ, ಏಕೆಂದರೆ ಪ್ರತಿ ಹೊಸ ಗಾಡಿಯೊಂದಿಗೆ ಅವನ್ನೆಲ್ಲ ತಿದ್ದುವ ಕೆಲಸವೂ ಬೀಳುತ್ತದೆ.

ಇನ್ನು ರ‍್ಯಾಮ್ ವಿಚಾರ. ದತ್ತಾಂಶವನ್ನು ನೆನಪಿನಲ್ಲಿ ಹಿಡಿದಿಡುವ ಇನ್ನೋಡಿಬಿ ಬಫರ್ ಪೂಲಿನ ಮೂಲ ಗಾತ್ರ ಬರೀ 128 ಎಂಬಿ. ಅದನ್ನು ಹೆಚ್ಚಿಸಿ ಎಂದು ಯಾರೂ ಹೇಳದೆ 64 ಜಿಬಿ ಯಂತ್ರ ತಂದಿಟ್ಟರೆ ಮೈಎಸ್‌ಕ್ಯೂಎಲ್ ತನ್ನ ದತ್ತಾಂಶಕ್ಕೆ ಆ 128 ಎಂಬಿಯನ್ನೇ ಬಳಸುತ್ತ ಕೂರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ಈಗಿರುವ ಯಂತ್ರದಲ್ಲಿ ಆ ಅಂಕಿ ಎಷ್ಟಿದೆ ಎಂದು ಸಾಫ್ಟ್‌ವೇರ್ ಕೊಟ್ಟವರನ್ನೇ ಮೊದಲು ಕೇಳಿ.

ಪ್ರಶ್ನೆ: ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಪಿಜಿಅಡ್ಮಿನ್, ಡಿಬೀವರ್, ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್, ಡೇಟಾಬೇಸ್ ನಿರ್ವಹಿಸುವ ಈ ಸಾಧನಗಳಲ್ಲಿ ಯಾವುದನ್ನು ಕಲಿಯಲಿ?

ಉತ್ತರ: ಹಲವು ಬಗೆಯ ಡೇಟಾಬೇಸುಗಳಿಗೆ ಒಂದೇ ಕಿಟಕಿಯಿಂದ ಹೋಗಬಹುದಾದ್ದರಿಂದ ಡಿಬೀವರ್ ಸಾಕು, ಅದರ ಸಮುದಾಯ ಆವೃತ್ತಿ ಉಚಿತ. ಆದರೆ ಪಿಎಸ್‌ಕ್ಯೂಎಲ್‌ನಂಥ ಕಪ್ಪು ಪರದೆಯ ಸಾಧನವನ್ನೂ ಕೈಗೆ ರೂಢಿ ಮಾಡಿಕೊಳ್ಳಿ. ರಾತ್ರಿ ಹತ್ತಕ್ಕೆ ದೂರದ ಸರ್ವರ್‌ಗೆ ಮೊಬೈಲ್ ಇಂಟರ್‌ನೆಟ್ಟಿನಿಂದ ಹೋಗಬೇಕಾದಾಗ ಕೆಲಸಕ್ಕೆ ಬರುವುದು ಅದೊಂದೇ.

ಪ್ರಶ್ನೆ: ಗುಳೇದಗುಡ್ಡದ ಒಂದು ಪತ್ತಿನ ಸಹಕಾರಿ ಸಂಘಕ್ಕೆ ಪೈಥಾನ್ ಜಾಂಗೋದಲ್ಲಿ ತಂತ್ರಾಂಶ ಬರೆದುಕೊಟ್ಟಿದ್ದೇನೆ. ಅಪ್ಲಿಕೇಶನ್ ಸಂಘದ ಕಚೇರಿಯ ಯಂತ್ರದಲ್ಲಿದೆ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಮುಂಬೈನ ಬಾಡಿಗೆ ಸರ್ವರ್‌ನಲ್ಲಿದೆ. 600 ಸಾಲಗಾರರ ಪಟ್ಟಿ ತೆರೆಯಲು 9 ಸೆಕೆಂಡು ಬೇಕು. ಡೇಟಾಬೇಸ್ ಕಡೆಯಿಂದ ನೋಡಿದರೆ ಯಾವ ಕ್ವೆರಿಯೂ 1 ಮಿಲಿಸೆಕೆಂಡ್ ದಾಟುವುದಿಲ್ಲ. ಪೈ-ಸ್ಪೈ ಎಂಬ ಪ್ರೊಫೈಲರ್ (ಪ್ರೋಗ್ರಾಮಿನ ಹೊತ್ತು ಎಲ್ಲಿ ಹೋಗುತ್ತಿದೆ ಎಂದು ತೋರಿಸುವ ಸಾಧನ) ಓಡಿಸಿದೆ, ಅದರಲ್ಲೂ ಏನೂ ಕಾಣಲಿಲ್ಲ. ಹಾಗಾದರೆ ಹೊತ್ತು ಹೋಗುತ್ತಿರುವುದು ಎಲ್ಲಿ?

ಉತ್ತರ: ದಾರಿಯಲ್ಲಿ. ನಿಮ್ಮ ಪುಟದಲ್ಲಿ ಪ್ರತಿ ಸಾಲಗಾರನ ಹೆಸರಿನ ಪಕ್ಕ ಜಾಮೀನುದಾರನ ಹೆಸರು ಬರುತ್ತದೆ ಎಂದು ಬರೆದಿದ್ದೀರಿ. ಪಟ್ಟಿಗೆ ಒಂದು ಕ್ವೆರಿ, ಆಮೇಲೆ ಒಬ್ಬೊಬ್ಬ ಜಾಮೀನುದಾರನಿಗೂ ಒಂದೊಂದು, ಒಟ್ಟು 601 ಕ್ವೆರಿ. ಕಚೇರಿಯಿಂದ ಮುಂಬೈಗೆ ಹೋಗಿಬರಲು ಒಂದಕ್ಕೆ 15 ಮಿಲಿಸೆಕೆಂಡ್ ಹಿಡಿದರೂ 601 ಸಲಕ್ಕೆ 9 ಸೆಕೆಂಡು ಮೀರುತ್ತದೆ. ಅಂಗಡಿಗೆ 600 ಸಲ ಹೋಗಿ ಒಂದೊಂದೇ ಬೆಂಕಿಕಡ್ಡಿ ತಂದಂತೆ. ಅಂಗಡಿಯವನು ತಡಮಾಡಿದನೇ ಎಂದು ಕೇಳಿದರೆ ಇಲ್ಲವೆಂದೇ ಹೇಳಬೇಕಾಗುತ್ತದೆ.

ಸ್ಲೋ ಲಾಗಿಗೆ ಈ ರೋಗ ಸಿಗುವುದೇ ಇಲ್ಲ. ಪೋಸ್ಟ್‌ಗ್ರೆಸ್‌ನ ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಎಂಬ ವಿಸ್ತರಣೆಯನ್ನು ಹಾಕಿ, (ಇದಕ್ಕೆ ಸರ್ವರನ್ನು ಒಮ್ಮೆ ಮರುಚಾಲನೆ ಮಾಡಲೇಬೇಕು) ಸರಾಸರಿ ಹೊತ್ತಿನ ಬದಲು ‘ಕಾಲ್ಸ್’ ಅಂಕಣದ ಪ್ರಕಾರ ಜೋಡಿಸಿ ನೋಡಿ. ಜಾಮೀನುದಾರನ ಕ್ವೆರಿ ತಲೆಯ ಮೇಲೇ ಬಂದು ಕೂತಿರುತ್ತದೆ. ಪರೀಕ್ಷೆಯ ಯಂತ್ರದಲ್ಲಾದರೆ ಜಾಂಗೋ ಡೀಬಗ್ ಟೂಲ್‌ಬಾರ್ ಪುಟದ ಅಂಚಿನಲ್ಲೇ ಕ್ವೆರಿಗಳ ಸಂಖ್ಯೆಯನ್ನು ತೋರಿಸುತ್ತದೆ. ಮದ್ದು ಒಂದೇ ಸಾಲಿನದು: ಪಟ್ಟಿ ತರುವ ಕಡೆ ಸೆಲೆಕ್ಟ್_ರಿಲೇಟೆಡ್ ಎಂದು ಸೇರಿಸಿದರೆ ಸಾಲಗಾರನೂ ಜಾಮೀನುದಾರನೂ ಎರಡೂ ಪಟ್ಟಿಗಳನ್ನು ಜೋಡಿಸುವ ಒಂದೇ ಜಾಯಿನ್‌ನಲ್ಲಿ ಬರುತ್ತಾರೆ.

ಪ್ರೊಫೈಲರ್ ಏಕೆ ಮೌನವಾಗಿತ್ತು ಎಂಬುದು ನಿಮ್ಮ ಪತ್ರದ ಅತ್ಯುತ್ತಮ ಪ್ರಶ್ನೆ. ಪೈ-ಸ್ಪೈ ಓಡುತ್ತಿರುವ ಪ್ರೋಗ್ರಾಮಿನ ಕೋಡನ್ನು ಮುಟ್ಟದೆ, ಹೊರಗಿನಿಂದಲೇ ಸೆಕೆಂಡಿಗೆ 100 ಸಲ ‘ಈಗ ಯಾವ ಫಂಕ್ಷನ್ನಿನಲ್ಲಿದ್ದೀಯ’ ಎಂದು ಇಣುಕಿ ನೋಡುತ್ತದೆ. ಆದರೆ ಸುಮ್ಮನೆ ಕಾಯುತ್ತಿರುವ ಥ್ರೆಡ್ಡುಗಳನ್ನು (ಪ್ರೋಗ್ರಾಮಿನೊಳಗಿನ ಕೆಲಸದ ಎಳೆಗಳನ್ನು) ಅದು ಮೂಲತಃ ಲೆಕ್ಕಕ್ಕೇ ಹಿಡಿಯುವುದಿಲ್ಲ, ನಿಮ್ಮ ಪ್ರೋಗ್ರಾಮೋ 9 ಸೆಕೆಂಡಿನಲ್ಲಿ ಬಹುಪಾಲು ಮುಂಬೈನ ಉತ್ತರಕ್ಕಾಗಿ ಕಾಯುತ್ತಲೇ ಇರುತ್ತದೆ. ಐಡಲ್ ಎಂಬ ಆಯ್ಕೆ ಕೊಟ್ಟು ಮತ್ತೆ ಓಡಿಸಿದರೆ ಫ್ಲೇಮ್ ಗ್ರಾಫ್‌ನಲ್ಲಿ ಜಾಲದ ಕಾಯುವಿಕೆ ಅಗಲವಾದ ಪಟ್ಟಿಯಾಗಿ ಕಾಣುತ್ತದೆ. ಈ ಬಗೆಯ ಚಿತ್ರವನ್ನು ಬ್ರೆಂಡನ್ ಗ್ರೆಗ್ 2011ರಲ್ಲಿ ರೂಪಿಸಿದ್ದು ಮೈಎಸ್‌ಕ್ಯೂಎಲ್‌ನ ನಿಧಾನವೊಂದನ್ನು ಬೆನ್ನುಹತ್ತಿದಾಗಲೇ. ಅದರಲ್ಲಿ ಪಟ್ಟಿಯ ಅಗಲವಷ್ಟೇ ಹೊತ್ತಿನ ಪಾಲನ್ನು ಹೇಳುತ್ತದೆ. ಎಡದಿಂದ ಬಲಕ್ಕೆ ಕಾಲಕ್ರಮವೆಂದು ಓದಿ ಮೋಸಹೋಗುವವರು ಬಹಳ.

ಪ್ರಶ್ನೆ: ಇಳಕಲ್‌ನಲ್ಲಿ ಸೀರೆ ವ್ಯಾಪಾರ ನಮ್ಮದು. ನೇಕಾರರ ಹೆಸರನ್ನು ಕನ್ನಡದಲ್ಲೇ ಇಟ್ಟಿದ್ದೇವೆ. ‘ಗೋಪಾಲ’ ಎಂದು ಹುಡುಕಿದರೆ ಕೆಲವರು ಸಿಗುತ್ತಾರೆ, ಅದೇ ಹೆಸರಿನ ಕೆಲವರು ಸಿಗುವುದಿಲ್ಲ.

ಉತ್ತರ: ಕಣ್ಣಿಗೆ ಒಂದೇ ಆಗಿ ಕಾಣುವ ‘ಗೋ’ ಅಕ್ಷರದ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಕೊಂಬು, ದೀರ್ಘ ಎಂಬ ಮೂರು ತುಂಡುಗಳಾಗಿಯೂ ಇಡಬಹುದು. ಬೈಟುಗಳನ್ನು ಹಾಗೇ ಹೋಲಿಸುವ ಡೇಟಾಬೇಸಿಗೆ ಇವು ಬೇರೆ ಬೇರೆ ಹೆಸರುಗಳು. ಪೋಸ್ಟ್‌ಗ್ರೆಸ್ 13ರಿಂದ ಇರುವ ನಾರ್ಮಲೈಜ್ ಫಂಕ್ಷನ್ ಇವನ್ನು ಒಂದೇ ರೂಪಕ್ಕೆ ತರುತ್ತದೆ. ಅದನ್ನು ಹುಡುಕುವಾಗ ಅಂಕಣಕ್ಕೆ ಸುತ್ತಬೇಡಿ, ಮುಧೋಳದ ಓದುಗರ ಗತಿಯೇ ನಿಮಗೂ ಬರುತ್ತದೆ. ಹೆಸರು ಒಳಗೆ ಹೋಗುವಾಗಲೇ ಬಳಸಿ, ಹಳೆಯ ಸಾಲುಗಳನ್ನು ಒಮ್ಮೆ ತಿದ್ದಿಬಿಡಿ. ಕಣ್ಣಿಗೆ ಕಾಣದ ಜೋಡಕ ಸಂಕೇತಗಳನ್ನು ಮಾತ್ರ ಅದು ತೆಗೆಯುವುದಿಲ್ಲ, ಅವನ್ನು ಬೇರೆಯಾಗಿ ತೆಗೆಯಬೇಕು.

ಪ್ರಶ್ನೆ: ಪೋಸ್ಟ್‌ಗ್ರೆಸ್‌ನಲ್ಲಿ ಎಕ್ಸ್‌ಪ್ಲೇನ್‌ಗೂ ಎಕ್ಸ್‌ಪ್ಲೇನ್ ಅನಲೈಜ್‌ಗೂ ಏನು ವ್ಯತ್ಯಾಸ? (ಜಮಖಂಡಿಯಿಂದ)

ಉತ್ತರ: ಮೊದಲನೆಯದು ಯೋಜನೆಯನ್ನಷ್ಟೇ ಹೇಳುತ್ತದೆ, ಎರಡನೆಯದು ಕ್ವೆರಿಯನ್ನು ನಿಜವಾಗಿ ನಡೆಸಿ, ತಗುಲಿದ ಹೊತ್ತನ್ನು ಹೇಳುತ್ತದೆ. ಹಲವು ವರ್ಷಗಳ ಹಿಂದೆ ಒಬ್ಬ ದಲಾಲಿ ವ್ಯಾಪಾರಿಯ ಕಚೇರಿಯಲ್ಲಿ, ಹಳೆಯ ಬಿಲ್ಲುಗಳ ಡಿಲೀಟ್ ಏಕೆ ನಿಧಾನ ಎಂದು ನೋಡಲು ಹೋಗಿ ನಾನು ಅದರ ಮುಂದೆ ಎಕ್ಸ್‌ಪ್ಲೇನ್ ಅನಲೈಜ್ ಬರೆದೆ. ದಿನಾಂಕದ ಷರತ್ತನ್ನೂ ತಪ್ಪಾಗಿ ಬರೆದಿದ್ದೆ. ಅಚ್ಚುಕಟ್ಟಾದ ವರದಿ ಬಂತು, ಬಿಲ್ಲುಗಳು ಹೋದವು. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತಾದರೂ ಅಂದಿನ ಬಿಲ್ಲುಗಳನ್ನು ಗುಮಾಸ್ತರು ಕಾಗದ ನೋಡಿ ಓದುತ್ತ, ನಾನು ಟೈಪಿಸುತ್ತ ರಾತ್ರಿ ಎರಡಾಯಿತು. ಅಪ್‌ಡೇಟ್, ಡಿಲೀಟ್‌ಗಳನ್ನು ಅಳೆಯಬೇಕಾದರೆ ಮೊದಲು ಬಿಗಿನ್ ಎಂದು ಬರೆದು, ಎಕ್ಸ್‌ಪ್ಲೇನ್ ಅನಲೈಜ್ ನಡೆಸಿ, ಕೊನೆಗೆ ರೋಲ್‌ಬ್ಯಾಕ್ ಕೊಡಿ. ವರದಿ ಪರದೆಯ ಮೇಲೆ ಉಳಿಯುತ್ತದೆ, ಸಾಲುಗಳು ಮರಳಿ ಬರುತ್ತವೆ.