ಎತ್ತು ಎಳೆದಷ್ಟೇ ಗಾಡಿಯೂ ಎಳೆದರೆ ಮುಂದೆ ಸಾಗುವುದು ಹೇಗೆ?

ವಾರ್ಷಿಕ ಪರೀಕ್ಷೆ ಹತ್ತಿರ ಬಂದಿದೆ. ಈ ಸಲದ ಪ್ರಶ್ನೆಗಳಲ್ಲಿ ಒಂಬತ್ತನೇ ತರಗತಿಯ ಚಲನೆ, ಬಲ, ಗುರುತ್ವ, ಕೆಲಸ ಪಾಠಗಳದ್ದೇ ಕಾರುಬಾರು. ಒಂದೇ ತರಹದವನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಚಲನೆಯ ಮೂರೂ ಸಮೀಕರಣ ಬಾಯಿಪಾಠ ಇದೆ. ಲೆಕ್ಕ ಎದುರಿಗೆ ಬಂದಾಗ ಯಾವುದನ್ನು ಹಾಕಬೇಕೆಂದೇ ತಿಳಿಯುವುದಿಲ್ಲ. ಹತ್ತು ದಿನದಲ್ಲಿ ಹೇಗೆ ಸರಿಮಾಡಿಕೊಳ್ಳಲಿ? (ವಿದ್ಯಾರ್ಥಿನಿ, ಶಿರಸಿ)

ಒಂದು ದಿನ ಸಮೀಕರಣಗಳನ್ನು ಬದಿಗಿಟ್ಟು ವೇಗ-ಕಾಲ ನಕ್ಷೆ ಬರೆಯಿರಿ. ಅಡ್ಡಕ್ಕೆ ಕಾಲ ‘ಟಿ’, ಮೇಲಕ್ಕೆ ವೇಗ. ಮೊದಲ ವೇಗ ‘ಯು’ನಿಂದ ಕೊನೆಯ ವೇಗ ‘ವಿ’ವರೆಗೆ ಏರುವ ಒಂದು ನೇರ ಗೆರೆ ಎಳೆಯಿರಿ. ಗೆರೆಯ ಓರೆ ಎಂದರೆ ವೇಗೋತ್ಕರ್ಷ ‘ಎ’. ಮೊದಲ ಸಮೀಕರಣ, ವಿ = ಯು + ಎ × ಟಿ, ಅಲ್ಲೇ ಸಿಕ್ಕಿತು. ಗೆರೆಯ ಕೆಳಗಿನ ಕ್ಷೇತ್ರಫಲ ಎಂದರೆ ಸ್ಥಾನಪಲ್ಲಟ ‘ಎಸ್’. ಅದನ್ನು ಕೆಳಗೊಂದು ಆಯತ, ಮೇಲೊಂದು ತ್ರಿಭುಜವಾಗಿ ಒಡೆಯಿರಿ. ಆಯತದ್ದು ಯು × ಟಿ, ತ್ರಿಭುಜದ್ದು ½ × ಎ × ಟಿ². ಇವೆರಡು ಕೂಡಿದರೆ ಎರಡನೆಯ ಸಮೀಕರಣ. ಮೊದಲನೆಯದರಿಂದ ‘ಟಿ’ಯನ್ನು ತೆಗೆದು ಇದರಲ್ಲಿ ಹಾಕಿದರೆ ಮೂರನೆಯದು, ವಿ² = ಯು² + 2 × ಎ × ಎಸ್. ಎರಡು ಸಲ ಬರೆದರೆ ಕೈಗೆ ಬರುತ್ತದೆ, ಸಾಧಿಸಿ ತೋರಿಸಿ ಎನ್ನುವ ಪ್ರಶ್ನೆಗೂ ಆಯಿತು.

ಇನ್ನು ಆಯ್ಕೆಯ ವಿಷಯ. ಸಂಗತಿಗಳು ಐದು, ಪ್ರತಿ ಸಮೀಕರಣದಲ್ಲಿ ಒಂದೊಂದು ಇರುವುದಿಲ್ಲ. ಮೊದಲನೆಯದರಲ್ಲಿ ‘ಎಸ್’ ಇಲ್ಲ, ಎರಡನೆಯದರಲ್ಲಿ ‘ವಿ’ ಇಲ್ಲ, ಮೂರನೆಯದರಲ್ಲಿ ‘ಟಿ’ ಇಲ್ಲ. ಲೆಕ್ಕದಲ್ಲಿ ಕೊಟ್ಟಿರುವ ಮೂರನ್ನೂ ಕೇಳಿರುವ ಒಂದನ್ನೂ ಸಾಲಾಗಿ ಬರೆದುಕೊಳ್ಳಿ. ಕೊಡದೆ, ಕೇಳದೆ ಉಳಿದದ್ದು ಯಾವುದೋ, ಅದು ಇಲ್ಲದ ಸಮೀಕರಣವೇ ನಿಮ್ಮದು.

ಉದಾಹರಣೆಗೆ, ಗಂಟೆಗೆ 54 ಕಿ.ಮೀ. ವೇಗದ ಬಸ್ಸಿಗೆ ಬ್ರೇಕ್ ಹಾಕಲಾಗಿದೆ, ವೇಗೋತ್ಕರ್ಷ −3 ಮೀ/ಸೆ². ಎಷ್ಟು ದೂರ ಹೋಗಿ ನಿಲ್ಲುತ್ತದೆ? ಕಾಲದ ಸುದ್ದಿಯೇ ಇಲ್ಲ, ಆದ್ದರಿಂದ ಮೂರನೆಯದು. 54 × 5/18 = 15 ಮೀ/ಸೆ. 0 = 225 − 6 × ಎಸ್, ಉತ್ತರ 37.5 ಮೀಟರ್. ಪರಿವರ್ತನೆ ಮರೆತು 54 ಅನ್ನೇ ಹಾಕಿದವರಿಗೆ 486 ಮೀಟರ್ ಬರುತ್ತದೆ. ಬ್ರೇಕ್ ಒತ್ತಿದ ಮೇಲೂ ಅರ್ಧ ಕಿಲೋಮೀಟರ್ ಓಡುವ ಬಸ್ಸಿಗೆ ಯಾರು ಹತ್ತುತ್ತಾರೆ? ಉತ್ತರ ಬರೆದ ಮೇಲೆ ಇಷ್ಟು ಕೇಳಿಕೊಂಡರೂ ಎಷ್ಟೋ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಒಂದು ಎಚ್ಚರಿಕೆ: ಈ ಸಮೀಕರಣಗಳು ವೇಗೋತ್ಕರ್ಷ ಬದಲಾಗದೆ ಇದ್ದಾಗ ಮಾತ್ರ. ಬಸ್ಸು ಮೊದಲು ವೇಗ ಹೆಚ್ಚಿಸಿ, ಆಮೇಲೆ ಒಂದೇ ವೇಗದಲ್ಲಿ ಓಡಿ, ಕೊನೆಗೆ ನಿಂತರೆ ಅದು ಮೂರು ಲೆಕ್ಕ, ಒಂದಲ್ಲ.

ಪ್ರಶ್ನೆ: ಮೇಲಕ್ಕೆ ಎಸೆದ ಕಲ್ಲು ತುತ್ತತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಆಗ ವೇಗೋತ್ಕರ್ಷವೂ ಸೊನ್ನೆ ಅಲ್ಲವೇ? (ವಿದ್ಯಾರ್ಥಿ, ಗಂಗಾವತಿ)

ಅಲ್ಲ. ವೇಗ ಸೊನ್ನೆ, ವೇಗೋತ್ಕರ್ಷ ಕೆಳಮುಖವಾಗಿ 9.8 ಮೀ/ಸೆ². ಅದೂ ಸೊನ್ನೆಯಾಗಿದ್ದರೆ ವೇಗ ಬದಲಾಗಲು ಕಾರಣವೇ ಇರುತ್ತಿರಲಿಲ್ಲ, ಕಲ್ಲು ಅಲ್ಲೇ ತೂಗುತ್ತಿತ್ತು. 19.6 ಮೀ/ಸೆ ವೇಗದಲ್ಲಿ ಎಸೆದ ಕಲ್ಲಿನ ವೇಗವನ್ನು ಸೆಕೆಂಡಿಗೊಮ್ಮೆ ಬರೆದು ನೋಡಿ: 19.6, 9.8, 0, −9.8, −19.6. ಪ್ರತಿ ಹೆಜ್ಜೆಯಲ್ಲೂ 9.8 ಕಡಿಮೆಯಾಗಿದೆ, ನಡುವಿನ ಸೊನ್ನೆಯ ಹತ್ತಿರವೂ ಅಷ್ಟೇ. ಮೇಲ್ಮುಖ ಧನ ಎಂದು ಶುರು ಮಾಡಿದರೆ ಕಲ್ಲು ಇಳಿಯುವಾಗಲೂ ಗುರುತ್ವದ ಈ ವೇಗೋತ್ಕರ್ಷ ‘ಜಿ’ ಋಣವೇ. ಅರ್ಧ ದಾರಿಯಲ್ಲಿ ಚಿಹ್ನೆ ಬದಲಿಸುವುದರಿಂದಲೇ ಈ ಲೆಕ್ಕಗಳು ಕೆಡುವುದು.

ಪ್ರಶ್ನೆ: ಕ್ರಿಯೆ ಮತ್ತು ಪ್ರತಿಕ್ರಿಯೆ ಸಮ, ದಿಕ್ಕು ವಿರುದ್ಧ. ಎತ್ತುಗಳು ಗಾಡಿಯನ್ನು ಎಳೆದಷ್ಟೇ ಗಾಡಿಯೂ ಎತ್ತುಗಳನ್ನು ಹಿಂದಕ್ಕೆ ಎಳೆದರೆ ಎರಡೂ ರದ್ದಾಗಿ ಗಾಡಿ ನಿಂತಲ್ಲೇ ಇರಬೇಕಲ್ಲ? (ಪೋಷಕರು, ಮಂಡ್ಯ)

ಮೂರನೇ ನಿಯಮವನ್ನು ತಪ್ಪಿಲ್ಲದೆ ಬರೆಯುವ ಮಕ್ಕಳೂ ಎಡವುವ ಜಾಗ ಇದು. ಎರಡು ಬಲಗಳು ಪರಸ್ಪರ ರದ್ದಾಗಬೇಕಾದರೆ ಎರಡೂ ಒಂದೇ ವಸ್ತುವಿನ ಮೇಲೆ ಬೀಳಬೇಕು. ಕ್ರಿಯೆ-ಪ್ರತಿಕ್ರಿಯೆ ಎಂದೂ ಒಂದೇ ವಸ್ತುವಿನ ಮೇಲೆ ಬೀಳುವುದಿಲ್ಲ. ಒಂದು ಗಾಡಿಯ ಮೇಲೆ, ಇನ್ನೊಂದು ಎತ್ತುಗಳ ಮೇಲೆ.

ಕಾಗದದಲ್ಲಿ ಎರಡು ಚೌಕ ಬರೆಯಿರಿ, ಒಂದು ಗಾಡಿ, ಇನ್ನೊಂದು ಜೋಡೆತ್ತು. ಗಾಡಿಯ ದ್ರವ್ಯರಾಶಿ ಹೇರು ಸೇರಿ 400 ಕಿ.ಗ್ರಾಂ, ಎತ್ತುಗಳು ಎರಡೂ ಸೇರಿ 800 ಕಿ.ಗ್ರಾಂ ಎಂದಿಟ್ಟುಕೊಳ್ಳಿ. ಮೊದಲು ಗಾಡಿಯ ಚೌಕ: ನೊಗದ ಮೂಲಕ ಮುಂದಕ್ಕೆ 600 ನ್ಯೂಟನ್, ಘರ್ಷಣೆಯಿಂದ ಹಿಂದಕ್ಕೆ 200 ನ್ಯೂಟನ್. ಉಳಿದದ್ದು 400. ಅದನ್ನು 400 ಕಿ.ಗ್ರಾಂನಿಂದ ಭಾಗಿಸಿದರೆ ವೇಗೋತ್ಕರ್ಷ 1 ಮೀ/ಸೆ². ಗಾಡಿ ಎತ್ತುಗಳ ಮೇಲೆ ಹಾಕುವ ಬಲ ಈ ಚೌಕದಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಗಮನಿಸಿ.

ಈಗ ಎತ್ತುಗಳ ಚೌಕ. ಗಾಡಿ ಹಿಂದಕ್ಕೆ ಎಳೆಯುವ 600 ನ್ಯೂಟನ್ ಬರುವುದು ಇಲ್ಲಿ. ಎತ್ತುಗಳೂ ಗಾಡಿಯ ಜೊತೆಗೇ 1 ಮೀ/ಸೆ² ವೇಗೋತ್ಕರ್ಷದಲ್ಲಿ ಸಾಗಬೇಕಾದರೆ ಅವುಗಳ ಮೇಲೆ ಮುಂದಕ್ಕೆ 800 ನ್ಯೂಟನ್ ಮಿಗಬೇಕು. ಅಂದರೆ ಯಾರೋ ಅವನ್ನು 1400 ನ್ಯೂಟನ್‌ನಿಂದ ಮುಂದಕ್ಕೆ ತಳ್ಳುತ್ತಿರಬೇಕು. ಯಾರು? ನೆಲ. ಗೊರಸು ನೆಲವನ್ನು ಹಿಂದಕ್ಕೆ ಒದೆಯುತ್ತದೆ, ನೆಲ ಅಷ್ಟೇ ಬಲದಿಂದ ಎತ್ತನ್ನು ಮುಂದಕ್ಕೆ ತಳ್ಳುತ್ತದೆ. ಕೆಸರಿನಲ್ಲಿ ಗಾಡಿ ಹೂತಾಗ ಗೊರಸು ಜಾರಿದರೆ ಎತ್ತು ಎಷ್ಟು ಕಸುವಿನದಾದರೂ ಉಪಯೋಗವಿಲ್ಲದಿರುವುದು ಇದಕ್ಕೇ. ಒದೆಯಲು ಆನಿಕೆ ಸಿಗದಿದ್ದರೆ ನೆಲ ತಿರುಗಿ ತಳ್ಳಲಾರದು.

ಇದೇ ಗೊಂದಲದ ಇನ್ನೊಂದು ರೂಪ ಮೇಜಿನ ಮೇಲಿನ ಪುಸ್ತಕ. ಪುಸ್ತಕದ ತೂಕಕ್ಕೆ ಪ್ರತಿಕ್ರಿಯೆ ಮೇಜು ಮೇಲಕ್ಕೆ ಒತ್ತುವ ಬಲ ಎಂದು ಮುಕ್ಕಾಲುಪಾಲು ಮಕ್ಕಳು ಬರೆಯುತ್ತಾರೆ. ತಪ್ಪು. ಆ ಎರಡೂ ಪುಸ್ತಕದ ಮೇಲೇ ಬೀಳುವ ಬಲಗಳು, ಸಮನಾಗಿರುವುದು ಪುಸ್ತಕ ಅಲುಗಾಡದೆ ಇರುವುದರಿಂದ. ಭೂಮಿ ಪುಸ್ತಕವನ್ನು ಎಳೆಯುವುದಕ್ಕೆ ಜೋಡಿ ಪುಸ್ತಕ ಭೂಮಿಯನ್ನು ಎಳೆಯುವುದು. ಪರೀಕ್ಷಿಸಲು ಸುಲಭದ ದಾರಿ: ವಾಕ್ಯವನ್ನು ತಿರುಗಿಸಿ. ‘ಅ’ ‘ಆ’ಯನ್ನು ಎಳೆಯುತ್ತದೆ ಎಂದರೆ ಜೋಡಿ ‘ಆ’ ‘ಅ’ಯನ್ನು ಎಳೆಯುತ್ತದೆ ಎಂದೇ ಇರಬೇಕು. ಮೂರನೆಯ ವಸ್ತು ನುಸುಳಿದರೆ ಜೋಡಿ ತಪ್ಪಿದೆ.

ಪ್ರಶ್ನೆ: ‘ಜಿ’ ಬೆಲೆ 9.8 ಹಾಕಬೇಕೋ 10 ಹಾಕಬೇಕೋ? (ಹಲವರು)

ಪ್ರಶ್ನೆಯಲ್ಲಿ ಕೊಟ್ಟದ್ದನ್ನು ಹಾಕಿ. ಕೊಡದಿದ್ದರೆ 9.8 ಹಾಕಿ, ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ದೊಡ್ಡ ‘ಜಿ’ ಬೇರೆ, ಅದು ಎಲ್ಲೆಡೆ ಒಂದೇ ಇರುವ ಗುರುತ್ವ ಸ್ಥಿರಾಂಕ, 6.67 × 10⁻¹¹. 60 ಕಿ.ಗ್ರಾಂ ದ್ರವ್ಯರಾಶಿಯವರ ತೂಕ ಭೂಮಿಯ ಮೇಲೆ 588 ನ್ಯೂಟನ್, ಚಂದ್ರನ ಮೇಲೆ ಅದರ ಆರನೇ ಒಂದು ಭಾಗ, ಸುಮಾರು 98 ನ್ಯೂಟನ್. ಅಲ್ಲೂ ದ್ರವ್ಯರಾಶಿ 60 ಕಿ.ಗ್ರಾಂ. ಅಂಗಡಿಯವರು ತೂಕವನ್ನು ಕಿಲೋದಲ್ಲಿ ಹೇಳಲಿ, ಉತ್ತರಪತ್ರಿಕೆಯಲ್ಲಿ ಬೇಡ.

ಪ್ರಶ್ನೆ: ತಲೆಯ ಮೇಲೆ ಹೊರೆ ಹೊತ್ತು ಸಮತಟ್ಟಾದ ದಾರಿಯಲ್ಲಿ ಎರಡು ಕಿಲೋಮೀಟರ್ ನಡೆದರೂ ಕೆಲಸ ಸೊನ್ನೆಯೇ? ಬೆವರಿಗೆ ಬೆಲೆ ಇಲ್ಲವೇ? (ವಿದ್ಯಾರ್ಥಿನಿ, ಹಾವೇರಿ)

ಹೊರೆಯನ್ನು ಹಿಡಿದಿಟ್ಟ ಬಲ ಮೇಲ್ಮುಖ, ಸ್ಥಾನಪಲ್ಲಟ ಅಡ್ಡಕ್ಕೆ. ನಡುವಿನ ಕೋನ 90 ಡಿಗ್ರಿ. ಆದ್ದರಿಂದ ಆ ಬಲ ಹೊರೆಯ ಮೇಲೆ ಮಾಡಿದ ಕೆಲಸ ಸೊನ್ನೆ. 15 ಕಿ.ಗ್ರಾಂ ಹೊರೆಯನ್ನು ನೆಲದಿಂದ 1.5 ಮೀಟರ್ ಎತ್ತಿ ತಲೆಗಿಟ್ಟುಕೊಂಡಾಗ 15 × 9.8 × 1.5 = 220.5 ಜೂಲ್ ಕೆಲಸ ಆಗಿತ್ತು. ಬೆವರು ಸುಳ್ಳಲ್ಲ: ಭಾರ ಹಿಡಿದಿಡಲು ಸ್ನಾಯುಗಳು ಬಿಗಿಯಾಗಿಯೇ ಇರಬೇಕು, ಅದಕ್ಕೆ ದೇಹದ ಶಕ್ತಿ ಖರ್ಚಾಗಿ ಶಾಖವಾಗುತ್ತದೆ. ಅದು ಹೊರೆಯ ಖಾತೆಗೆ ಹೋಗುವುದಿಲ್ಲ ಅಷ್ಟೇ. ಉತ್ತರದಲ್ಲಿ ‘ಯಾವ ಬಲ, ಯಾವುದರ ಮೇಲೆ’ ಎಂದು ಬರೆಯಿರಿ, ಬರೀ ‘ಕೆಲಸ ಸೊನ್ನೆ’ ಎಂದು ಬಿಡಬೇಡಿ.

ಪ್ರಶ್ನೆ: ಕಿಲೋವ್ಯಾಟ್-ಗಂಟೆ ಸಾಮರ್ಥ್ಯದ ಏಕಮಾನವೋ ಶಕ್ತಿಯದೋ? (ವಿದ್ಯಾರ್ಥಿ, ಕಾರ್ಕಳ)

ಶಕ್ತಿಯದು. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ ಇದೇ: 1000 ವ್ಯಾಟ್ × 3600 ಸೆಕೆಂಡ್ = 36,00,000 ಜೂಲ್. ಕಿಲೋಮೀಟರ್/ಗಂಟೆ ಬರೆದು ರೂಢಿಯಾದ ಕೈ ಇಲ್ಲೂ ಓರೆಗೆರೆ ಎಳೆದು ಭಾಗಿಸಿಬಿಡುತ್ತದೆ. ನಡುವೆ ಇರುವುದು ಗುಣಾಕಾರ.