ಪಲ್ಲವಿ ಮತ್ತು ಖಾಲಿ ಚೌಕ

ಪ್ರಿಯ ಓದುಗರೇ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಬೆಳಗಿನ ಕೆಲಸ ಮುಗಿದ ಮೇಲೆ ಹಾಡು ಹಾಕಿಕೊಂಡು ಅರ್ಧ ಗಂಟೆ ನಮ್ಮ ಪದಬಂಧ ಬಿಡಿಸುತ್ತೀರಿ. ಮಗಳು ಒಂದು ದಿನ "ಇದರಿಂದ ಏನಮ್ಮ ಉಪಯೋಗ?" ಎಂದು ಕೇಳಿದಳು. ನೀವು "ಜ್ಞಾಪಕಶಕ್ತಿಗೆ ಒಳ್ಳೆಯದು" ಎಂದುಬಿಟ್ಟಿರಿ. ಆಮೇಲೆ ಅದು ನಿಜವೋ ಸುಳ್ಳೋ ಎಂಬ ಅನುಮಾನ ಕಾಡಿ ನಮಗೆ ಬರೆದಿದ್ದೀರಿ. ಜೊತೆಗೆ, ಹಾಡಿನ ಒಂದೇ ಸಾಲು ಇಡೀ ದಿನ ತಲೆಯಲ್ಲಿ ಸುತ್ತುವುದಕ್ಕೆ ಏನು ಮಾಡಬೇಕು ಎಂದೂ ಕೇಳಿದ್ದೀರಿ.

ಜ್ಞಾಪಕಶಕ್ತಿಯ ವಿಷಯ ಮೊದಲು ಮುಗಿಸಿಬಿಡೋಣ. ಪದಬಂಧ ಬಿಡಿಸುವವರು ಪದಬಂಧದಲ್ಲಿ ಪಳಗುತ್ತಾರೆ, ಇಷ್ಟು ಖಂಡಿತ. ಅದು ಮರೆವಿನ ಕಾಯಿಲೆಯನ್ನು ತಡೆಯುತ್ತದೆ ಎಂಬುದು ಮಾತ್ರ ಸಾಬೀತಾಗಿಲ್ಲ. ಮೊದಲಿನಿಂದಲೂ ಚುರುಕಾಗಿರುವವರೇ ಪದಬಂಧದ ಮುಂದೆ ಜಾಸ್ತಿ ಕೂರುತ್ತಿರಬಹುದಲ್ವಾ? ಆದ್ದರಿಂದ ಮಗಳಿಗೆ ಬೇರೆ ಉತ್ತರ ಕೊಡಿ. ಖುಷಿಗಾಗಿ ಬಿಡಿಸುತ್ತೇನೆ ಎನ್ನಿ. ಆ ಉತ್ತರದಲ್ಲಿ ಯಾವ ಕೊರತೆಯೂ ಇಲ್ಲ.

ಪದಬಂಧ ಹುಟ್ಟಿದ್ದೇ ಹಾಗೆ. 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಆರ್ಥರ್ ವಿನ್ ಎಂಬವರು ವಜ್ರದ ಆಕಾರದ ಒಂದು ಒಗಟು ಮಾಡಿ ಹಾಕಿದರು. ಅದರ ಹೆಸರು 'ವರ್ಡ್-ಕ್ರಾಸ್'. ಕೆಲವೇ ವಾರಗಳಲ್ಲಿ ಹೆಸರು ತಿರುಗಿ 'ಕ್ರಾಸ್-ವರ್ಡ್' ಆಯಿತು. ಆ ಮೊದಲ ಒಗಟಿನಲ್ಲಿ ಒಂದೇ ಒಂದು ಪದವನ್ನು ಅವರೇ ತುಂಬಿ ಕೊಟ್ಟಿದ್ದರು. ಅದು 'ಫನ್', ಅಂದರೆ ಮೋಜು. ಆ ಪುರವಣಿಯ ಹೆಸರೂ ಅದೇ ಆಗಿತ್ತು.

ಹಾಡು ಮತ್ತು ಪದಬಂಧ ನಿಮಗೆ ಒಟ್ಟಿಗೆ ಯಾಕೆ ಹಿಡಿಸುತ್ತವೆ? ನನಗೆ ಅನ್ನಿಸುವುದನ್ನು ಹೇಳುತ್ತೇನೆ. ಎರಡರಲ್ಲೂ ಸುಖ ಇರುವುದು ಕಾಯುವುದರಲ್ಲಿ. ಚರಣ ಮುಗಿಯುತ್ತಾ ಬಂದಾಗ ಪಲ್ಲವಿ ಬರುತ್ತದೆ ಎಂದು ನಿಮಗೆ ಗೊತ್ತು. ಗೊತ್ತಿದ್ದೂ ಕಿವಿ ಕಾಯುತ್ತದೆ, ಬಂದಾಗ ಹಿತವಾಗುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2011ರಲ್ಲಿ, ಇಷ್ಟದ ಸಂಗೀತ ಕೇಳಿ ಮೈ ಜುಮ್ಮೆನ್ನುವವರ ಮಿದುಳನ್ನು ಪರೀಕ್ಷೆ ಮಾಡಿದರು. ಸಂತೋಷಕ್ಕೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ಆ ಜುಮ್ಮೆನ್ನುವ ಗಳಿಗೆಯಲ್ಲಷ್ಟೇ ಅಲ್ಲ, ಅದಕ್ಕಿಂತ ಮುಂಚೆ, ಅದಕ್ಕಾಗಿ ಕಾಯುವಾಗಲೂ ಬಿಡುಗಡೆಯಾಗುತ್ತಿತ್ತು. ಪದಬಂಧದ ಖಾಲಿ ಚೌಕದ ಮುಂದೆ ಕೂತಾಗಲೂ ಮನಸ್ಸು ಹೀಗೇ ಕಾಯುತ್ತದೆ. ಪದ ನಾಲಿಗೆಯ ತುದಿಯಲ್ಲಿರುತ್ತದೆ, ಬರುವುದಿಲ್ಲ. ಆಮೇಲೆ ಪಾತ್ರೆ ತೊಳೆಯುವಾಗ ತಾನಾಗಿ ಬಂದುಬಿಡುತ್ತದೆ!

ಕನ್ನಡದಲ್ಲಿ ಈ ಕಾಯುವಿಕೆ ಸ್ವಲ್ಪ ಜಾಸ್ತಿಯೇ. ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರ, ಒಂದಕ್ಕೊಂದು ಸುಲಭವಾಗಿ ಕೂಡುತ್ತವೆ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ. ಅದರ ಮೇಲೆ ಕಾಗುಣಿತ, ಒತ್ತಕ್ಷರ. ಎಡದಿಂದ ಬಲಕ್ಕೆ ಓದುವ ಪದದಲ್ಲಿ 'ಕಿ' ಇದ್ದರೆ, ಮೇಲಿಂದ ಕೆಳಕ್ಕೆ ಬರುವ ಪದಕ್ಕೂ ಅದೇ 'ಕಿ' ಬೇಕು. 'ಕ' ನಡೆಯುವುದಿಲ್ಲ, 'ಕೀ' ಕೂಡ ನಡೆಯುವುದಿಲ್ಲ. ನಮ್ಮ ಪದಬಂಧ ಹೆಣೆಯುವವರು ಒಂದು ಮೂಲೆ ಕೂಡಿಸಲು ಇಡೀ ಸಂಜೆ ಕಳೆದದ್ದನ್ನು ನಾನು ನೋಡಿದ್ದೇನೆ. ಆದರೆ ಇದೇ ಕಾಗುಣಿತ ನಮಗೆ ಬೇರೊಂದು ಆಟ ಕೊಟ್ಟಿದೆ. 'ಕುಬೇರನಿಗೇನಿರಬೇಕು' ಎಂಬುದನ್ನು ಕೊನೆಯಿಂದ ಒಂದೊಂದೇ ಅಕ್ಷರ ಓದಿ ನೋಡಿ. ಮತ್ತೆ ಅದೇ ಪ್ರಶ್ನೆ! 'ನವಜೀವನ' ಕೂಡ ಹಾಗೆಯೇ. ಆಸ್ಟ್ರಿಯಾದ ಸಂಗೀತಕಾರ ಹೈಡನ್ 1772ರಲ್ಲಿ ತನ್ನ 47ನೇ ಸಿಂಫನಿಯಲ್ಲಿ, ಅಂದರೆ ವಾದ್ಯವೃಂದದ ಕೃತಿಯಲ್ಲಿ, ಇದನ್ನೇ ಸ್ವರಗಳಲ್ಲಿ ಮಾಡಿದ. ಅದರ ಒಂದು ಭಾಗದಲ್ಲಿ ಮೊದಲು ನುಡಿಸಿದ್ದನ್ನು ಹಿಂದಿನಿಂದ ಮುಂದಕ್ಕೆ ನುಡಿಸಬೇಕು.

ಕರ್ನಾಟಕ ಸಂಗೀತದಲ್ಲಿ ಉಳಿದ ರಾಗಗಳಿಗೆ ಮೂಲವಾದ 72 ಮೇಳಕರ್ತ ರಾಗಗಳ ಹೆಸರುಗಳಂತೂ ಪೂರ್ತಿ ಪದದಾಟ. ಕಟಪಯಾದಿ ಲೆಕ್ಕದಲ್ಲಿ ಪ್ರತಿ ವ್ಯಂಜನಕ್ಕೂ ಒಂದು ಅಂಕಿ. ಹೆಸರಿನ ಮೊದಲ ಎರಡು ಅಕ್ಷರಗಳ ಅಂಕಿಗಳನ್ನು ತಿರುಗಿಸಿದರೆ ರಾಗದ ಸಂಖ್ಯೆ ಸಿಗುತ್ತದೆ. 'ಮಾಯಾಮಾಳವಗೌಳ'ದ 'ಮಾ' 5, 'ಯಾ' 1. ತಿರುಗಿಸಿ, 15. ಕಲ್ಯಾಣಿ 65ನೇ ಮೇಳ. ಆ ಹೆಸರಿನಿಂದ 65 ಹುಟ್ಟುವುದಿಲ್ಲ. ಹಾಗಾಗಿ ಮುಂದೆ 'ಮೇಚ' ಸೇರಿಸಿ 'ಮೇಚಕಲ್ಯಾಣಿ' ಮಾಡಿದರು. ಮೇ 5, ಚ 6. ಶಂಕರಾಭರಣಕ್ಕೆ 'ಧೀರ' ಸೇರಿದ್ದೂ ಹೀಗೇ, 29 ಬರಲಿ ಎಂದು. ರಾಗಕ್ಕೆ ಹೆಸರಿಡುವಾಗಲೂ ಪದಬಂಧ ಬಿಡಿಸಿದಂತೆ ಕೂತು ಅಕ್ಷರ ಹೊಂದಿಸಿದವರನ್ನು ನೆನೆದರೆ ನನಗೆ ಬಹಳ ಪ್ರೀತಿ ಬರುತ್ತದೆ.

ಇನ್ನು ತಲೆಯಲ್ಲಿ ಸುತ್ತುವ ಸಾಲು. ಒಂದೇ ಸಾಲು ಸುತ್ತುತ್ತಿದ್ದರೆ, ಪೂರ್ತಿ ಹಾಡನ್ನು ಒಮ್ಮೆ ಕೊನೆಯವರೆಗೆ ಕೇಳಿಬಿಡಿ. ಅರ್ಧಕ್ಕೆ ನಿಂತದ್ದನ್ನು ಮನಸ್ಸು ಬಿಡುವುದಿಲ್ಲ ಎನ್ನುತ್ತಾರೆ, ನನಗಂತೂ ಈ ಉಪಾಯ ಎಷ್ಟೋ ಸಲ ಕೆಲಸ ಮಾಡಿದೆ. ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದವರು 2015ರಲ್ಲಿ ಇನ್ನೊಂದು ದಾರಿ ಕಂಡರು. ಚೂಯಿಂಗ್ ಗಮ್ ಜಗಿಯುತ್ತಿದ್ದವರಿಗೆ ಹಾಡಿನ ಕಾಟ ಕಡಿಮೆಯಾಗಿತ್ತು. ಬಾಯಿ ಬೇರೆ ಕೆಲಸದಲ್ಲಿದ್ದಾಗ ಒಳಗೊಳಗೇ ಗುನುಗುವುದೂ ಕಷ್ಟ.

ಕೊನೆಗೆ, ನಿಮಗೂ ಮಗಳಿಗೂ ಒಂದು ಆಟ. ಸ, ರಿ, ಗ, ಮ, ಪ, ದ, ನಿ. ಈ ಏಳು ಅಕ್ಷರಗಳನ್ನಷ್ಟೇ ಬಳಸಿ ಕನ್ನಡ ಪದ ಮಾಡಬೇಕು. ಒಂದೇ ಅಕ್ಷರ ಎಷ್ಟು ಸಲ ಬಂದರೂ ಸರಿ. ಆ 'ಸರಿ'ಯೇ ಒಂದು ಪದ, ನೋಡಿ. ಮಗ, ಮರಿ, ನಿಗಮ ಇವೆ. 'ಪದ' ಇದೆ, 'ದನಿ'ಯೂ ಇದೆ. ನಾಲ್ಕು ಅಕ್ಷರದವು ನನಗೆ ಎರಡು ಸಿಕ್ಕಿವೆ: ಸರಿಸಮ, ಗರಿಗರಿ. ಐದು ಅಕ್ಷರದ್ದನ್ನು ನಾಲ್ಕು ದಿನದಿಂದ ಹುಡುಕುತ್ತಿದ್ದೇನೆ. ನಿಮಗೆ ಮೊದಲು ಸಿಕ್ಕರೆ ತಕ್ಷಣ ಬರೆಯಿರಿ.

- ಸಂಪಾದಕ