ಅತ್ತವರೆಲ್ಲ ಬದಲಾದವರಲ್ಲ

‘ಕಾಮುಕರಿಗೆ ಮನಃಶಾಸ್ತ್ರಜ್ಞರ ಉಪಚಾರವೆಂದರೆ ಹಾವಿಗೆ ಹಾಲೆರೆದಂತೆ. ತೆರಿಗೆಯ ದುಡ್ಡು ದಂಡ’ ಎಂದು ಶಿರಸಿಯ ಓದುಗರೊಬ್ಬರು ಎರಡು ಹಾಳೆ ತುಂಬ ಬರೆದಿದ್ದಾರೆ.

ಮಾನ್ಯರೇ, ನಿಮ್ಮ ಸಿಟ್ಟು ಸಹಜ. ಶಿಕ್ಷೆ ಆಗಲೇಬೇಕು, ತಕರಾರಿಲ್ಲ. ಆದರೆ ಶಿಕ್ಷೆ ಮುಗಿದ ಮರುದಿನ ಏನು? ನಿಮ್ಮ ಪತ್ರದಲ್ಲಿ ಆ ದಿನದ ಸುದ್ದಿಯೇ ಇಲ್ಲ.

ಉಪಚಾರ ಸೋತದ್ದೂ ಉಂಟು. ಅದನ್ನು ನಿಮ್ಮ ಪರವಾಗಿ ನಾನೇ ಹೇಳುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜೈಲುಗಳಲ್ಲಿ 1990ರ ದಶಕದಿಂದ ಅಪರಾಧಿಗಳನ್ನು ಗುಂಪಾಗಿ ಕೂರಿಸಿ, ಮಾಡಿದ್ದನ್ನೆಲ್ಲ ಬಾಯಿಬಿಡಿಸುತ್ತಿದ್ದರು. ಸಂತ್ರಸ್ತರ ಪಾತ್ರ ವಹಿಸಿ ಅಭಿನಯಿಸುವುದು, ಅವರ ದನಿಯಲ್ಲಿ ಪತ್ರ ಬರೆಯುವುದು ಎಲ್ಲವೂ ಇತ್ತು. 2017ರಲ್ಲಿ ಅಲ್ಲಿನ ನ್ಯಾಯ ಇಲಾಖೆಯೇ ಲೆಕ್ಕ ತೆಗೆಯಿತು: ಸರಾಸರಿ ಎಂಟು ವರ್ಷಗಳಲ್ಲಿ ಉಪಚಾರ ಪಡೆದವರಲ್ಲಿ ಶೇ. 10ರಷ್ಟು, ಪಡೆಯದವರಲ್ಲಿ ಶೇ. 8ರಷ್ಟು ಮಂದಿ ಮತ್ತೆ ಲೈಂಗಿಕ ಅಪರಾಧ ಎಸಗಿದ್ದರು. ಕಾರ್ಯಕ್ರಮ ಮುಚ್ಚಿತು. ಸುಳಿವು 1998ರಲ್ಲೇ ಇತ್ತು. ಕೆನಡಾದ ಸಂಶೋಧಕರಾದ ಹ್ಯಾನ್ಸನ್ ಮತ್ತು ಬುಸಿಯೆರ್ 61 ಅಧ್ಯಯನಗಳನ್ನು ಕಲೆಹಾಕಿ ನೋಡಿದಾಗ, ತಪ್ಪೊಪ್ಪಿಕೊಳ್ಳದವರು, ಸಂತ್ರಸ್ತರಿಗಾಗಿ ಮರುಗದವರು ಹೆಚ್ಚಾಗಿ ಮತ್ತೆ ಅದೇ ದಾರಿ ಹಿಡಿಯುತ್ತಾರೆ ಎನ್ನಲು ಆಧಾರ ಸಿಕ್ಕಿರಲಿಲ್ಲ. ಆದರೂ ನಮಗೆ ಅಳು ಬೇಕು! ಟಿ.ವಿ. ಚರ್ಚೆಗಳಿಗಂತೂ ಕಣ್ಣೀರೇ ಬಂಡವಾಳ.

ಈಗ ನನಗೆ ಪ್ರಿಯವಾದ ಕಥೆ. 1994ರಲ್ಲಿ ಕೆನಡಾದ ಹ್ಯಾಮಿಲ್ಟನ್‌ಗೆ, ಮಕ್ಕಳ ಮೇಲೆ ದೌರ್ಜನ್ಯ ಎಸಗಿದ್ದ ಒಬ್ಬ ಪೂರ್ತಿ ಶಿಕ್ಷೆ ಮುಗಿಸಿ ಬಂದ. ಊರು ಬೀದಿಗಿಳಿಯಿತು, ಪೊಲೀಸರು ಬೆನ್ನು ಬಿಡಲಿಲ್ಲ. ಹ್ಯಾರಿ ನೈ ಎಂಬ, ಮೆನೊನೈಟ್ ಕ್ರೈಸ್ತ ಪಂಥದ ಪಾದ್ರಿ ತಮ್ಮ ಸಭೆಯ ಕೆಲವರನ್ನು ಸೇರಿಸಿ ಅವನ ಸುತ್ತ ಬಳಗ ಕಟ್ಟಿದರು. ಅವನು ಸಾಯುವವರೆಗೂ ಮತ್ತೆ ಅಂಥ ಅಪರಾಧ ಮಾಡಲಿಲ್ಲ. ಇಂದು ಇಂಥ ಬಳಗಗಳಲ್ಲಿ ನಾಲ್ಕರಿಂದ ಆರು ಸ್ವಯಂಸೇವಕರು ಇರುತ್ತಾರೆ. ಮನೆ, ಕೆಲಸ ಹುಡುಕಲು ನೆರವಾಗುತ್ತಾರೆ. ‘ಆಟದ ಮೈದಾನದ ಹತ್ತಿರ ನಿನಗೇನು ಕೆಲಸವಿತ್ತು?’ ಎಂದು ಮುಖಕ್ಕೆ ಹೊಡೆದಂತೆ ಕೇಳಲೂ ಹಿಂಜರಿಯುವುದಿಲ್ಲ. ಅಮೆರಿಕದ ಮಿನ್ನೆಸೋಟಾದಲ್ಲಿ ಅಪರಾಧಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಪರೀಕ್ಷಿಸಿದಾಗಲೂ ಬಳಗ ಸಿಕ್ಕವರಲ್ಲೇ ಮರುಬಂಧನ ಕಡಿಮೆ. ಇದನ್ನು ಹಾಲೆರೆಯುವುದು ಎನ್ನುತ್ತೀರಾ?

ನಮ್ಮಲ್ಲಿ ದೆಹಲಿಯ ನಿರ್ಭಯಾ ಪ್ರಕರಣದ ಬಳಿಕ ನೇಮಕವಾದ ನ್ಯಾಯಮೂರ್ತಿ ವರ್ಮಾ ಸಮಿತಿ 2013ರಲ್ಲೇ ರಾಸಾಯನಿಕ ಪುರುಷತ್ವಹರಣ (ಔಷಧ ಕೊಟ್ಟು ಲೈಂಗಿಕ ಬಯಕೆ ತಗ್ಗಿಸುವುದು) ಬೇಡವೆಂದಿತು. 2018ರಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಸಂಗ್ರಹ ಬಂತು, ಆರಂಭದಲ್ಲೇ 4.4 ಲಕ್ಷ ನಮೂದು. ಹೆಸರು ಬರೆದಿಟ್ಟದ್ದಾಯಿತು. ಜೈಲಿನ ಗೇಟು ದಾಟಿದವನು ಎಲ್ಲಿ ಮಲಗಿದ, ಯಾರ ಜೊತೆ ಇದ್ದಾನೆ ಎಂದು ವಿಚಾರಿಸುವವರು ಯಾರು? ಶಿಕ್ಷೆಯ ದಿನ ಮುಖಪುಟ ತುಂಬಿಸುವ ನಾವು ಪತ್ರಿಕೆಯವರೂ ಬಿಡುಗಡೆಯ ದಿನ ಅತ್ತ ಸುಳಿಯುವುದಿಲ್ಲ.

ನಿಮ್ಮ ಊರಿನಲ್ಲಿ ಇಂಥ ಬಳಗಕ್ಕೆ ನಾಲ್ವರು ಸಿಗುತ್ತಾರೆಯೇ, ವಿಚಾರಿಸಿ ಬರೆಯಿರಿ. ಮೊದಲನೆಯವರು ನೀವೇ ಆದರೆ ಇನ್ನೂ ಸಂತೋಷ.

– ಸಂ.